ಸಂಗಮದಲ್ಲಿ ಕಂಡ ರೆಕ್ಕೆ

ಕಾಗೆ ಎಡೆ ಮುಟ್ಟಿದರೆ ಸತ್ತವರಿಗೆ ತೃಪ್ತಿ ಎನ್ನುವುದನ್ನು ನಾನು ಎಂದೂ ನಂಬಿದವಳಲ್ಲ. ನಂಜನಗೂಡಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಕಾಗೆಗೆ ಹಸಿವಾದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ನಗುತ್ತಿದ್ದೆ. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ನಗುವುದನ್ನಂತೂ ಬಿಟ್ಟಿದ್ದೇನೆ.

ನನ್ನ ತಮ್ಮ ಮಾದೇವ ಮುರುಡೇಶ್ವರದ ಕಡೆ ಪ್ರವಾಸಿಗರನ್ನು ಸಮುದ್ರದೊಳಕ್ಕೆ ಡೈವಿಂಗಿಗೆ ಕರೆದೊಯ್ಯುವ ಕೆಲಸದಲ್ಲಿದ್ದ. ಒಮ್ಮೆ ನನ್ನನ್ನೂ ಮುಳುಗಿಸಿದ. ಅಲ್ಲಿ ಬಂಡೆಯ ಸಂದಿಯಲ್ಲಿ ಬಿದಿರು ಶಾರ್ಕ್ ಎಂಬ ಮೊಳದುದ್ದದ ಚುಕ್ಕೆ ಮೀನು ಮಲಗಿರುತ್ತದಂತೆ. ಅವನು ಬೆರಳು ತೋರಿಸಿದ್ದೇ ತೋರಿಸಿದ್ದು, ನನಗೆ ಬಂಡೆ ಬಿಟ್ಟರೆ ಏನೂ ಕಾಣಲಿಲ್ಲ. ಮೇಲೆ ಬಂದದ್ದೇ ಪಾಠ ಶುರುವಾಯಿತು. "ಚುಕ್ಕೆ ನಂಬ್ಕೊಂಡ್ರೆ ಕೆಟ್ಟೆ ಅಕ್ಕ, ಚುಕ್ಕೆ ಬೇಕಾದಷ್ಟು ಮೀನ್ಗಿರ್ತವೆ. ರೆಕ್ಕೆ ನೋಡು. ಬೆನ್ ಮ್ಯಾಲೆ ಎರಡು, ಎರಡೂ ಒಂದೇ ಅಳತೆ, ಬಾಲದ ಕಡೀಕೆ ಸರ್ಕೊಂಡಿರ್ತವೆ." ಮೂಗಿನ ಹತ್ತಿರ ಎರಡು ಗಿಡ್ಡ ಮೀಸೆ, ಕಿವಿರಿಗೆ ಮುಚ್ಚಳವಿಲ್ಲದೆ ಬರೀ ಸೀಳುಗಳು, ಕಂದು ಪಟ್ಟೆಯ ಮೇಲೆ ಬಿಳಿ ಚುಕ್ಕೆ ಎಂದೂ ಹೇಳಿದ್ದ. ಆಮೇಲೆ ಫೋನ್ ಮಾಡಿದಾಗಲೆಲ್ಲ ಅದೇ ರಾಗ: ಇನ್ನೊಂದ್ಸಲ ಬಾ, ನಿನಗೆ ತೋರಿಸದೆ ಬಿಡುವುದಿಲ್ಲ. ನಾನು ಹೋಗುವ ಮೊದಲೇ ಕಾಮಾಲೆಯಾಗಿ ತೀರಿಕೊಂಡ.

ತಿ. ನರಸೀಪುರದ ಕಾವೇರಿ-ಕಬಿನಿ ಸಂಗಮದಲ್ಲಿ ಬೂದಿ ಬಿಟ್ಟು, ದಡದಲ್ಲಿ ಅವನಿಗೆ ಎಡೆ ಇಟ್ಟೆವು. ಕಾಗೆ ಅರಳಿಮರದ ಕೊಂಬೆಯಿಂದ ಇಳಿಯಲೊಲ್ಲದು. ನಿನ್ನ ಬೈಕು ಮಾರುವುದಿಲ್ಲ, ನಿಮ್ಮವ್ವನನ್ನು ಕೈಬಿಡುವುದಿಲ್ಲ ಎಂದು ಸೋದರಮಾವ ಒಂದೊಂದಾಗಿ ಮಾತು ಕೊಟ್ಟರು. ಕಾಗೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ. ಬೆಳಗಿನಿಂದ ಬಾಯಿಗೆ ಏನೂ ಹಾಕಿಲ್ಲ, ಬಿಸಿಲೇರಿ ಮುಖವೆಲ್ಲ ಬೆವೆತಿತ್ತು. "ನನ್ ಮಗ ಉಣ್ಣೋಗಂಟ ನಾನು ಉಣ್ಣಾಕಿಲ್ಲ" ಎಂದು ಕೂತುಬಿಟ್ಟಳು. ಮಗನ ಹಿಂದೆಯೇ ಇವಳೂ ಹೊರಟುಬಿಡುತ್ತಾಳೇನೋ ಎಂದು ನನಗೆ ನಿಜಕ್ಕೂ ಭಯವಾಯಿತು.

ಅವಳ ಮುಖ ಒರೆಸಲು ಸೆರಗು ನೆನೆಸೋಣವೆಂದು ಹೊಳೆಗೆ ಇಳಿದೆ. ಮೊಣಕಾಲುದ್ದ ತಿಳಿನೀರು. ಮೆಟ್ಟಿಲ ಕಲ್ಲಿನ ಪಕ್ಕದಲ್ಲಿ ಅದು ಮಲಗಿತ್ತು. ಗಿಡ್ಡ ಮೀಸೆ, ತೆರೆದು ಮುಚ್ಚುವ ಸೀಳುಗಳು, ಪಟ್ಟೆ, ಚುಕ್ಕೆ. ಬೆನ್ನ ಮೇಲೆ ಎರಡು ರೆಕ್ಕೆ, ಎರಡೂ ಬಾಲದ ಕಡೆಗೆ. ನನಗೇ ತಿಳಿಯದಂತೆ ಗಟ್ಟಿಯಾಗಿ ಅಂದುಬಿಟ್ಟೆ: "ಕಂಡೆ ಕಣೋ, ಎರಡು ರೆಕ್ಕೇನೂ ಕಂಡೆ."

ಹಿಂದೆ ಎಲ್ಲರೂ ಒಟ್ಟಿಗೆ ಉಸಿರುಬಿಟ್ಟ ಸದ್ದಾಯಿತು. ತಿರುಗಿ ನೋಡಿದರೆ ಕಾಗೆ ಎಡೆಯ ಮೇಲಿತ್ತು. ಮತ್ತೆ ನೀರು ನೋಡಿದರೆ ಬರೀ ಕಲ್ಲು. ಅವ್ವ ಅಳುತ್ತಲೇ ಉಂಡಳು.

ಸಮುದ್ರದ ಮೀನು ಕಬಿನಿಯ ಸಿಹಿನೀರಿನಲ್ಲಿ ಬದುಕದು, ಅಷ್ಟು ಅಣೆಕಟ್ಟು ದಾಟಿ ಬರಲೂ ಆಗದು. ನಾನು ಕಂಡದ್ದು ನಮ್ಮ ಹೊಳೆಯ ಮೀಸೆಯ ಬಾಳೆಮೀನೇ ಇರಬೇಕು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಬಾಳೆಮೀನಿನ ಬೆನ್ನಿಗೆ ಎರಡು ರೆಕ್ಕೆ ಎಲ್ಲಿದೆ?

ನಾನು ಕಾಗೆಯ ರೆಕ್ಕೆಯ ಮಾತಾಡಿದೆ ಎಂದೇ ಎಲ್ಲರೂ ತಿಳಿದರು. ನಾನೂ ತಿದ್ದಲು ಹೋಗಲಿಲ್ಲ. ಮೊನ್ನೆ ಅವರೆಕಾಳು ಬಿಡಿಸುತ್ತಾ ಅವ್ವ ಇದ್ದಕ್ಕಿದ್ದಂತೆ ಕೇಳಿದಳು. "ಅವತ್ತು ನೀನು ಅಂಗಂದಾಗ ಕಾಗೆ ಇನ್ನೂ ಮರದ ಮ್ಯಾಲೇ ಮುದುರ್ಕೊಂಡು ಕೂತಿತ್ತು ಕಣವ್ವ. ನೀನು ಯಾರ ರೆಕ್ಕೆ ಕಂಡೆ?"