ಬಾಯಿಪಾಠದ ಪುಟ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಆಕೆಗೆ ಅನುಮಾನ ಪಡುವುದೇ ಕೆಲಸ. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರಡಿ, ಒಳಮಗ್ಗುಲು ತಿರುವಿ, ಹೊಲಿಗೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಜಗ್ಗಿ ನೋಡಬೇಕು. ಎಲ್ಲಿ ಎಳೆ ಬಿಟ್ಟಿದೆಯೋ ಅಲ್ಲಿ ಕೆಂಪು ಸ್ಟಿಕ್ಕರ್ ಅಂಟಿಸಬೇಕು. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದ್ದರಿಂದ ಎಲ್ಲರ ಬಾಯಲ್ಲೂ ಆಕೆ ಚೆಕರಕ್ಕ. ಮೊಸರಿನಲ್ಲಿ ಕಲ್ಲು ಹುಡುಕುವವಳು ಎಂದು ಒಡಹುಟ್ಟಿದ ತಂಗಿಯೇ ಆಡಿಕೊಳ್ಳುತ್ತಿದ್ದಳು. ಚೆಕರಕ್ಕನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಕಲ್ಲು ಸಿಕ್ಕಿದ ದಿನಗಳೂ ಇದ್ದವಲ್ಲ.

ಗಂಡ ಕಬ್ಬಿಣದ ಯಾರ್ಡಿನಲ್ಲಿ ಕ್ರೇನ್ ಆಪರೇಟರ್. ಏಣಿ ಹತ್ತಿ ಮೇಲಿನ ಗೂಡಿನಲ್ಲಿ ಕೂತು, ಕೆಳಗೆ ನಿಂತವನ ಕೈಸನ್ನೆ ನೋಡುತ್ತ ತೊಲೆಗಳನ್ನು ಎತ್ತಿ ಇಳಿಸುವ ಕೆಲಸ. ಭಾನುವಾರ ತಪ್ಪದೆ ಚರ್ಚಿಗೆ ಬರುತ್ತಿದ್ದ, ಪಾಸ್ಟರ್ ಪ್ರಸಂಗ ಶುರು ಮಾಡಿದ ಮೇಲೆ ತಪ್ಪದೆ ತೂಕಡಿಸುತ್ತಿದ್ದ. ಮನೆಯ ದೊಡ್ಡ ಬೈಬಲ್ಲನ್ನು ಆತ ಮುಟ್ಟುತ್ತಿದ್ದದ್ದು ಕಪಾಟಿನ ಧೂಳು ಒರೆಸುವಾಗ ಮಾತ್ರ. ಅಂಥವನು ಒಂದು ಸೋಮವಾರ ಬೆಳಗ್ಗೆ ಐದೂವರೆಗೆ ಎದ್ದು, ಮುಖ ತೊಳೆದು, ಬೈಬಲ್ಲನ್ನು ಎತ್ತಿಕೊಂಡು ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಕೇಳಿದರೆ, ದಿನಾ ಓದುವ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ ಎಂದ. ಮಂಗಳವಾರವೂ ಅದೇ. ಹತ್ತು ದಿನವಾದರೂ ಅದೇ.

ಬೇರೆ ಹೆಂಗಸಾಗಿದ್ದರೆ ದೇವರಿಗೆ ಸ್ತೋತ್ರ ಹೇಳಿ ಸುಮ್ಮನಾಗುತ್ತಿದ್ದಳು. ಚೆಕರಕ್ಕನಿಗೆ ಅನುಮಾನ ಶುರುವಾಯಿತು. ಅದಕ್ಕೆ ಕಾರಣವಿತ್ತು. ಎಂಟು ವರ್ಷದ ಹಿಂದೆ ಗಂಡ ದುಡಿಯುತ್ತಿದ್ದ ಮಿಲ್ಲು ಮುಚ್ಚಿದಾಗ ಆತ ಅದನ್ನು ಮನೆಯಲ್ಲಿ ಹೇಳಲಿಲ್ಲ. ಮೂರು ತಿಂಗಳು ದಿನವೂ ಊಟದ ಡಬ್ಬಿ ಹಿಡಿದು ಹೊರಟು, ಯಾವುದೋ ಪಾರ್ಕಿನ ಬೆಂಚಿನಲ್ಲಿ ಕೂತು ಸಂಜೆ ಮರಳುತ್ತಿದ್ದ. ಆ ಮೂರು ತಿಂಗಳೂ ಮನೆಯಲ್ಲಿ ಅತಿ ಒಳ್ಳೆಯವನಾಗಿದ್ದ. ಕೇಳದೆಯೇ ನೀರು ತುಂಬುತ್ತಿದ್ದ, ಹೇಳದೆಯೇ ಪಾತ್ರೆ ತೊಳೆಯುತ್ತಿದ್ದ. ವಿಷಯ ಗೊತ್ತಾದ ದಿನ ಆಕೆ ಅಳಲಿಲ್ಲ. ಇನ್ನೊಂದು ಸಲ ಹೀಗೆ ಮುಚ್ಚಿಟ್ಟರೆ ತಂಗಿಯ ಮನೆಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದಷ್ಟೇ ಹೇಳಿದಳು. ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅಂದಿನಿಂದ ಗಂಡ ಒಳ್ಳೆಯವನಾಗುವುದೆಂದರೆ ಆಕೆಗೆ ಭಯ.

ಈಗ ಮತ್ತೆ ಏನು? ಕೆಲಸ ಹೋಯಿತೇ? ಕಾಯಿಲೆಯೇ? ಈ ವಯಸ್ಸಿನಲ್ಲಿ ಇನ್ನೊಬ್ಬಳೇ? ತಂಗಿ ಕೊನೆಯದನ್ನು ಕೇಳಿ ನಕ್ಕಳು. ಭಾವನನ್ನು ಕಟ್ಟಿಕೊಳ್ಳುವವಳಿದ್ದರೆ ಅವಳಿಗೇ ಬುದ್ಧಿ ಹೇಳಬೇಕು ಎಂದಳು. ಚರ್ಚಿನ ಹಿರಿಯರ ಸ್ಥಾನ ಖಾಲಿಯಾಗುತ್ತಿದೆಯಲ್ಲ, ಅದರ ಆಸೆ ಇರಬಹುದು ಎಂದೂ ಸೇರಿಸಿದಳು. ಅದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು ಚೆಕರಕ್ಕ.

ಮರುದಿನ ಕಾರ್ಖಾನೆಯಿಂದ ನಾಲ್ಕು ತುಂಡು ದಾರ ತಂದಳು. ಸಣ್ಣ ಬಿಳಿ ದಾರ, ಕಾಗದದ ಮೇಲೆ ಕಣ್ಣಿಗೆ ಬೀಳದಂಥದು. ಒಂದನ್ನು ಆದಿಕಾಂಡದಲ್ಲಿ, ಒಂದನ್ನು ಕೀರ್ತನೆಗಳ ಮೊದಲ ಪುಟದಲ್ಲಿ, ಒಂದನ್ನು ಮತ್ತಾಯನ ಸುವಾರ್ತೆಯಲ್ಲಿ, ಇನ್ನೊಂದನ್ನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಇಟ್ಟಳು. ವಾರ ಕಳೆದು ನೋಡಿದಳು. ಮೂರು ದಾರ ಇಟ್ಟಲ್ಲೇ ಇದ್ದವು. ಕೀರ್ತನೆಗಳ ದಾರ ಮಾತ್ರ ಮಾಯ. ಹೊಸದೊಂದನ್ನು ಅದರ ಮುಂದಿನ ಹಾಳೆಯಲ್ಲಿಟ್ಟಳು. ಅದು ಐದು ದಿನವಾದರೂ ಅಲುಗಲಿಲ್ಲ.

ದಿನಕ್ಕೆ ಅರ್ಧ ಗಂಟೆ ಓದುವ ಮನುಷ್ಯ ಎರಡು ವಾರದಲ್ಲಿ ಒಂದು ಹಾಳೆಯನ್ನೂ ತಿರುವಿಲ್ಲ.

ಆ ಭಾನುವಾರ ಪಾಸ್ಟರ್ ಪ್ರಸಂಗದ ನಡುವೆ, ಭಾನುವಾರದ ಒಂದು ಊಟದಿಂದ ವಾರವೆಲ್ಲ ಬದುಕುತ್ತೀರಾ, ದಿನವೂ ಉಣ್ಣುವುದಿಲ್ಲವೇ, ದೇವರ ವಾಕ್ಯವೂ ಹಾಗೆಯೇ ಎಂದರು. ನಮ್ಮ ಕ್ರೇನ್ ಅಣ್ಣನನ್ನು ನೋಡಿ ಕಲಿಯಿರಿ, ಬೆಳಗಿನ ಐದೂವರೆಗೇ ಬೈಬಲ್ ಮುಂದೆ ಇರುತ್ತಾರಂತೆ ಎಂದು ಬೆರಳು ತೋರಿಸಿದರು. ಎಲ್ಲರೂ ತಿರುಗಿ ನೋಡಿದರು. ಗಂಡ ತಲೆ ಎತ್ತಲಿಲ್ಲ. ಕತ್ತು ಒರೆಸಿಕೊಂಡ, ಎದುರಿನ ಬೆಂಚನ್ನೇ ನೋಡಿದ. ಹೊಗಳಿಸಿಕೊಂಡವನ ಮುಖ ಅದಲ್ಲ, ಸಿಕ್ಕಿಬಿದ್ದವನದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಮರುದಿನ ಬೆಳಗ್ಗೆ ಆಕೆ ಗಂಡ ಎದ್ದು ಹೋದ ಹತ್ತು ನಿಮಿಷಕ್ಕೆ ಎದ್ದು, ಬಾಗಿಲನ್ನು ಸದ್ದಾಗದಂತೆ ತಳ್ಳಿದಳು.

ಬೈಬಲ್ಲು ಆತನ ಕೈಯಲ್ಲಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ತೆರೆದು ನಿಲ್ಲಿಸಿತ್ತು, ಬೀಳದ ಹಾಗೆ ಹಿಂದೆ ಸಕ್ಕರೆ ಡಬ್ಬಿಯ ಆಸರೆ. ಗಂಡ ಮೂರು ಹೆಜ್ಜೆ ದೂರ ನಿಂತು ಎಡಗಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದ. ಆಮೇಲೆ ಬಲಗಣ್ಣು ಮುಚ್ಚಿ ಅದನ್ನೇ ಮತ್ತೆ ಹೇಳಿದ. ಅರ್ಧ ಹೆಜ್ಜೆ ಹಿಂದೆ ಸರಿದ.

ಚೆಕರಕ್ಕ ಸುಮ್ಮನೆ ಹೋಗಿ ಆತನ ಪಕ್ಕದಲ್ಲಿ ನಿಂತಳು. ಆತ ಬೆಚ್ಚಿಬಿದ್ದ. ಆಕೆ ಪುಟವನ್ನೇ ನೋಡುತ್ತಿದ್ದಳು. ಒಂದು ಎಳೆ ಬಿಟ್ಟರೂ ಹಿಡಿಯುವ ಕಣ್ಣು ಅದು. ಆ ಕಣ್ಣಿಗೂ ಅಲ್ಲಿಂದ ಅಕ್ಷರಗಳು ಇರುವೆ ಸಾಲಿನ ಹಾಗಿದ್ದವು.

"ರೀ, ಇಲ್ಲಿಂದ ನನಗೇ ಕಾಣ್ತಿಲ್ಲ. ನಿಮಗೆ ಹೇಗೆ ಕಾಣುತ್ತೆ?"

"ಕಾಣುತ್ತೆ ಕಣೇ. ಸ್ಪಷ್ಟವಾಗಿ ಕಾಣುತ್ತೆ," ಎಂದ ಗಂಡ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಆಕೆಯನ್ನು ಹೆದರಿಸಿತು. ಆತ ಅದನ್ನು ನಿಜವಾಗಿ ನಂಬಿದ್ದ.

ಆಕೆ ನೆನಪು ಮಾಡಿಕೊಂಡಳು. ಕೀರ್ತನೆಗಳ ಆ ಮೊದಲ ಪುಟವನ್ನು ಆತ ಎಳೆಯ ವಯಸ್ಸಿನಲ್ಲೇ ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿ ಬಹುಮಾನ ತೆಗೆದುಕೊಂಡಿದ್ದ. ಮದುವೆಯಾದ ಹೊಸದರಲ್ಲಿ ಅದನ್ನು ಹತ್ತಾರು ಸಲ ಹೇಳಿ ಹೆಚ್ಚುಗಾರಿಕೆ ತೋರಿಸಿದ್ದ. ಆಕೆ ಕಿಟಕಿಯ ಬಳಿ ಹೋಗಿ, ಹತ್ತಾರು ಹಾಳೆ ಹಿಂದಕ್ಕೆ ತಿರುವಿ, ಕೈಗೆ ಸಿಕ್ಕಲ್ಲಿ ತೆರೆದಳು. ನೆಹೆಮೀಯನ ಗ್ರಂಥ, ಮೂರನೆಯ ಅಧ್ಯಾಯ. ಹಾಳುಬಿದ್ದ ಗೋಡೆಯನ್ನು ಯಾರು ಯಾರು ಎಷ್ಟೆಷ್ಟು ಕಟ್ಟಿದರೆಂಬ ಪಟ್ಟಿ, ಹೆಸರಿನ ಮೇಲೆ ಹೆಸರು.

"ಇದನ್ನ ಓದಿ ನೋಡೋಣ. ದೂರದಿಂದ ಬೇಡ, ಹತ್ತಿರಾನೇ ಬನ್ನಿ."

ಗಂಡ ಹತ್ತಿರ ಬಂದ, ಬಗ್ಗಿದ, ಕಣ್ಣು ಕಿರಿದು ಮಾಡಿದ. "ಅವರ ಪಕ್ಕದಲ್ಲಿ..." ಎಂದ. ನಿಂತ. ಬೆರಳಿಟ್ಟು ಮುಂದಿನ ಸಾಲಿಗೆ ಹೋಗಿ ಮತ್ತೆ, "ಅವರ ಪಕ್ಕದಲ್ಲಿ..." ಎಂದ. ಆ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುವ ಆ ಮಾತನ್ನು ಆಕಾರ ನೋಡಿ ಊಹಿಸಬಹುದಿತ್ತು. ಹೆಸರುಗಳನ್ನು ಊಹಿಸುವುದು ಸಾಧ್ಯವಿರಲಿಲ್ಲ. ಮೂರನೆಯ ಸಲ ಆತನ ಬೆರಳೇ ನಿಂತುಬಿಟ್ಟಿತು. ಕುರ್ಚಿ ಎಳೆದುಕೊಂಡು ಕೂತ.

ಆಮೇಲೆ ಒಂದೊಂದಾಗಿ ಹೊರಬಂತು. ಎರಡು ತಿಂಗಳಿನಿಂದ ಕಣ್ಣ ಮುಂದೆ ಮಂಜು. ಮುಂದಿನ ತಿಂಗಳು ಯಾರ್ಡಿನಲ್ಲಿ ವರ್ಷದ ಕಣ್ಣು ಪರೀಕ್ಷೆ. ಅದಕ್ಕೆ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳೋಣವೆಂದು ಮನೆಯಲ್ಲಿದ್ದ ಅತಿ ಸಣ್ಣ ಅಕ್ಷರವನ್ನು ಹುಡುಕಿದ್ದ. ಬೈಬಲ್ಲು ಸಿಕ್ಕಿತು. ಮೊದಲ ದಿನ ತಾನಾಗಿ ತೆರೆದುಕೊಂಡದ್ದು ಕೀರ್ತನೆಗಳ ಆ ಬಾಯಿಪಾಠದ ಪುಟ. ಓದಿದ, ಎಲ್ಲವೂ ಕಂಡಿತು, ಸಮಾಧಾನವಾಯಿತು. ದಿನವೂ ಆ ಸಮಾಧಾನಕ್ಕಾಗಿಯೇ ಎದ್ದ.

"ಕೆಳಗೆ ನಿಂತವನು ಕೈಸನ್ನೆ ಮಾಡಿದರೆ?" ಎಂದು ಕೇಳಿದಳು.

ಆತ ನೆಲ ನೋಡಿದ. "ಅವನ ಕೈ ಮೇಲಕ್ಕೋ ಕೆಳಕ್ಕೋ ಅಂತ ಅಂದಾಜಲ್ಲೇ ನಡೀತಿದೆ."

ತೊಲೆಯೊಂದು ಗಾಳಿಯಲ್ಲಿ, ಅದರ ಕೆಳಗೆ ಯಾರದೋ ಗಂಡ. ತಂಗಿಯ ಮನೆಯ ಮಾತು ಚೆಕರಕ್ಕನ ನಾಲಗೆಯ ತುದಿಗೆ ಬಂತು, ಆದರೆ ಆಡಲಿಲ್ಲ. ಈ ಮನುಷ್ಯ ಹೆಂಡತಿಯಿಂದ ಮುಚ್ಚಿಟ್ಟಿದ್ದ, ನಿಜ. ಆದರೆ ಅದಕ್ಕಿಂತ ಮೊದಲು ತನ್ನಿಂದಲೇ ಮುಚ್ಚಿಟ್ಟುಕೊಂಡಿದ್ದ.

"ಇವತ್ತು ಏಣಿ ಹತ್ತಬೇಡಿ. ಮೊದಲು ಹೇಳಿ."

"ಹೇಳಿದ್ರೆ ಇಳಿಸೇ ಬಿಡ್ತಾರೆ ಕಣೇ."

"ಇಳಿಸ್ಲಿ."

ಹೇಳುತ್ತೇನೆ ಎಂದ. ಆಕೆ ನಂಬಲಿಲ್ಲ. ಕಾರ್ಖಾನೆಗೆ ಅರ್ಧ ದಿನ ರಜೆ ಹೇಳಿ ಯಾರ್ಡಿನ ಗೇಟಿನ ತನಕ ಜೊತೆಗೇ ಹೋದಳು. ಮೇಲ್ವಿಚಾರಕನ ಕೋಣೆಯೊಳಗೆ ಆತ ಹೋಗಿ, ಹೊರಬರುವವರೆಗೂ ಕಾವಲುಗಾರನ ಪಕ್ಕದಲ್ಲಿ ನಿಂತೇ ಇದ್ದಳು. ಆತ ಮುಖ ಇಳಿಬಿಟ್ಟುಕೊಂಡು ಬಂದ. ಕ್ರೇನು ಹೋಯಿತು. ಡಾಕ್ಟರಿಗೆ ತೋರಿಸಿ, ಕಣ್ಣಿನ ಪೊರೆ ಇದ್ದರೆ ತೆಗೆಸಿ, ಪರೀಕ್ಷೆಯಲ್ಲಿ ಗೆದ್ದರೆ ಮತ್ತೆ ನೋಡೋಣ ಎಂದಿದ್ದರಂತೆ. ಅಲ್ಲಿಯವರೆಗೆ ಉಗ್ರಾಣದಲ್ಲಿ ಸರಪಳಿ, ಕೊಕ್ಕೆ ಎತ್ತಿಕೊಡುವ ಕೆಲಸ. ನಿಜವಾಗಿ ಹೇಳಿದಿರಾ ಎಂದು ಆಕೆ ದಾರಿಯಲ್ಲಿ ಎರಡು ಸಲ ಕೇಳಿದಳು.

ಮಂಗಳವಾರ ಐದೂವರೆಗೆ ಆಕೆಯೇ ಗಂಡನನ್ನು ಎಬ್ಬಿಸಿದಳು. ಓದು ನಿಂತರೆ ಮತ್ತೇನು ಮುಚ್ಚಿಡುತ್ತಾರೋ ಎಂಬುದೇ ಆಕೆಯ ಲೆಕ್ಕ, ಭಕ್ತಿಯೇನಲ್ಲ. ತಾನು ಓದುವುದು, ಆತ ಕೇಳುವುದು ಎಂದು ತೀರ್ಮಾನವಾಯಿತು. ಪುಟ ನೆಹೆಮೀಯನಲ್ಲೇ ತೆರೆದಿತ್ತು, ಅಲ್ಲಿಂದಲೇ ಶುರು ಮಾಡಿದಳು. ಆ ಪಟ್ಟಿಯಲ್ಲಿ ಒಂದು ಊರಿನ ದೊಡ್ಡ ಮನುಷ್ಯರು ಮಾತ್ರ ಕೆಲಸಕ್ಕೆ ಹೆಗಲು ಕೊಡಲಿಲ್ಲ ಎಂದಿತ್ತು. ಆಕೆ ಅಲ್ಲಿ ನಿಂತಳು. ಯಾಕೆ ಕೊಡಲಿಲ್ಲ? ಬರೆದವನು ಯಾಕೆ ಅದನ್ನು ಬಿಡದೆ ಬರೆದ? ಗಂಡ ಯೋಚಿಸಿ, ಕೆಲಸ ಮಾಡಿದವರ ಹೆಸರು ಬರೆಯುವವನು ಮಾಡದವರನ್ನೂ ಬರೆಯಲೇಬೇಕಲ್ಲ ಎಂದ. ಅಂದಿನ ಓದು ಅಷ್ಟರಲ್ಲೇ ಮುಗಿಯುವಂತಿತ್ತು. ಬಸ್ಸು ತಪ್ಪುವ ಹೊತ್ತಿಗೆ ಅಧ್ಯಾಯ ಮುಗಿಸಿದರು.

ಗುರುವಾರದ ಹೊತ್ತಿಗೆ ಎಬ್ಬಿಸುವ ಅಗತ್ಯವಿರಲಿಲ್ಲ. ಶುಕ್ರವಾರ ವೈರಿಗಳು ನೆಹೆಮೀಯನನ್ನು ಮಾತುಕತೆಗೆ ಬಾ ಎಂದು ನಾಲ್ಕು ಸಲ ಕರೆದರೂ ಆತ ಸಂಶಯಪಟ್ಟು ಹೋಗದೆ ಉಳಿದ ಭಾಗ ಬಂತು. ಚೆಕರಕ್ಕನಿಗೆ ಆ ಮನುಷ್ಯ ಬಹಳ ಹಿಡಿಸಿದ. ಅವನು ತಮ್ಮ ವಿಭಾಗದಲ್ಲಿ ಇರಬೇಕಿತ್ತು ಎಂದಳು. ಆದರೆ ಅವನು ವೈರಿಗಳ ಮೇಲೆ ಸಂಶಯಪಟ್ಟ, ತನ್ನ ಜೊತೆ ಗೋಡೆ ಕಟ್ಟುವವರ ಮೇಲಲ್ಲ ಎಂದ ಗಂಡ. ಆ ಮಾತು ಕಾರ್ಖಾನೆಯ ಮೇಜಿನವರೆಗೂ ಆಕೆಯ ಜೊತೆ ಬಂತು.

ಶನಿವಾರ ಏಳನೆಯ ಅಧ್ಯಾಯ. ಅಲ್ಲಿ ಸೆರೆಯಿಂದ ಮರಳಿದವರ ಪಟ್ಟಿ. ಮನೆತನ, ಸಂಖ್ಯೆ, ಮತ್ತೆ ಮನೆತನ, ಮತ್ತೆ ಸಂಖ್ಯೆ. ಅಂದು ಬೇಗ ಹೊರಡಬೇಕಿತ್ತು. ನಾಲಗೆ ಹೊರಳದ ಆ ಹೆಸರುಗಳಿಂದ ಯಾರಿಗೆ ಏನಾಗಬೇಕು ಎಂದುಕೊಂಡು ಚೆಕರಕ್ಕ ದನಿ ಬದಲಿಸದೆ ಇಪ್ಪತ್ತು ಸಾಲು ಹಾರಿದಳು, ಹಾಳೆ ತಿರುವಿದಳು.

ಗಂಡ ಕಣ್ಣು ಮುಚ್ಚಿಕೊಂಡೇ ಕೂತಿದ್ದ. "ಹಾಳೆ ಇವತ್ತು ಬೇಗ ತಿರುಗಿತು," ಎಂದ.

"ಅಕ್ಷರ ದೊಡ್ಡದಿದೆ ಇಲ್ಲಿ."

"ಒಂದೇ ಪುಸ್ತಕದಲ್ಲಿ?"

ಆಕೆಗೆ ಕಿವಿ ಬಿಸಿಯಾಯಿತು. ಗಂಡನ ಮುಖವನ್ನು ನೋಡಿದಳು. ಆತ ನಗುತ್ತಿರಲಿಲ್ಲ, ಕಾಯುತ್ತಿದ್ದ. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಆಕೆ ಮೇಜಿನ ಆ ಕಡೆ ಇದ್ದಳು.

ಹಾಳೆಯನ್ನು ಹಿಂದಕ್ಕೆ ತಿರುವಿ, ಬಿಟ್ಟ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಹೆಸರನ್ನು ಬಿಡಿಸಿ ಓದತೊಡಗಿದಳು.