ಸುತ್ತಿಗೆ ಅಣ್ಣನ ಕೊನೆಯ ಹನ್ನೊಂದು ನಿಮಿಷ

ನಮ್ಮ ಭಾವ ಇಪ್ಪತ್ತೆರಡು ವರ್ಷ ಒಂದು ಹೆವಿ ಮೆಟಲ್ ತಂಡದಲ್ಲಿ ಡ್ರಮ್ಸ್ ಬಾರಿಸಿದರು. ಅದನ್ನು ಸಂಗೀತ ಎಂದು ನಾನು ಒಂದು ದಿನವೂ ಒಪ್ಪಿದವನಲ್ಲ. ಅಕ್ಕನ ಮದುವೆ ಗೊತ್ತಾದಾಗ, ಹುಡುಗ ಬಸ್ಸಿನ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿದ್ದಾನೆ, ಒಳ್ಳೆಯ ಕೆಲಸಗಾರ ಎಂದಷ್ಟೇ ನಮಗೆ ತಿಳಿದಿತ್ತು. ಭಾನುವಾರಗಳ ವಿಷಯ ಯಾರೂ ಬಾಯಿ ಬಿಟ್ಟಿರಲಿಲ್ಲ. ಮದುವೆಯಾದ ಎರಡನೆಯ ವಾರ ನಮ್ಮಪ್ಪ ಹೇಳದೆ ಕೇಳದೆ ಮಗಳ ಮನೆಗೆ ಹೋದರು. ಅಳಿಯ ಕಪ್ಪು ಬನಿಯನ್ ಹಾಕಿಕೊಂಡು, ಕೈಯಲ್ಲಿ ಎರಡು ಕೋಲು ಹಿಡಿದು ಮೆಟ್ಟಿಲಿಳಿದು ಬರುವುದನ್ನು ನೋಡಿ, ಎಲ್ಲೋ ಹೊಡೆದಾಟ ನಡೆಯುತ್ತಿದೆ ಎಂದುಕೊಂಡು ಬಂದ ದಾರಿಯಲ್ಲೇ ವಾಪಸಾದರು.

ತಂಡದಲ್ಲಿ ನಾಲ್ಕು ಜನ. ಹಾಡುಗಾರ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ, ಕಿರುಚುಗಾರ ಎನ್ನೋಣ, ಅವನು ವಾರವಿಡೀ ಡ್ರೈವಿಂಗ್ ಕಲಿಸುತ್ತಿದ್ದ. ಗಿಟಾರಿನವನು ಬ್ಯಾಂಕಿನಲ್ಲಿ ಗುಮಾಸ್ತ. ತಂಡದ ಯಜಮಾನಿಕೆಯೂ ಅವನದೇ. ಇನ್ನೊಬ್ಬ ದಪ್ಪ ತಂತಿಯ ಗಿಟಾರಿನವನು, ಅವನು ಮಾತಾಡಿದ್ದನ್ನು ಕೇಳಿದವರಿಲ್ಲ. ಈ ಮೂವರ ಹಿಂದೆ ನಮ್ಮ ಭಾವ. ಅಭಿಮಾನಿಗಳು ಅವರಿಗೆ ‘ಸುತ್ತಿಗೆ ಅಣ್ಣ’ ಎಂದು ಹೆಸರಿಟ್ಟಿದ್ದರು. ಬೀದಿಯಲ್ಲಿ ಕೂದಲು ಬಿಟ್ಟುಕೊಂಡ ಹುಡುಗರು ಅವರನ್ನು ಕಂಡರೆ ದೇವರು ಎದುರಾದ ಹಾಗೆ ಸರಿದು ನಿಲ್ಲುತ್ತಿದ್ದರು. ಅಕ್ಕನಿಗೆ ಅದನ್ನು ನೋಡಿದರೆ ನಗು ತಡೆಯುತ್ತಿರಲಿಲ್ಲ. ಮನೆಯಲ್ಲಿ ಆ ದೇವರಿಗೆ ಒಂದು ಟವೆಲ್ ನೆಟ್ಟಗೆ ಹರವಲು ಬರುತ್ತಿರಲಿಲ್ಲ.

ವರ್ಕ್‌ಶಾಪಿನಲ್ಲಿ ಭಾವನದು ರಿವೆಟ್ ಹೊಡೆಯುವ ಕೆಲಸ. ಬಸ್ಸಿನ ತಗಡನ್ನು ಚೌಕಟ್ಟಿಗೆ ಕೂರಿಸಲು ಗಾಳಿಯ ಗನ್ನಿನಿಂದ ದಿನಕ್ಕೆ ಏಳೆಂಟು ನೂರು ರಿವೆಟ್. ಇಪ್ಪತ್ತಾರು ವರ್ಷ ಆ ಗನ್ನು ಅವರ ಬಲಗೈಯನ್ನು ಅಲುಗಾಡಿಸಿತು. ಮೊದಲು ಚಳಿಯ ಬೆಳಗಿನಲ್ಲಿ ಬೆರಳ ತುದಿ ಸೀಮೆಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತಿತ್ತು. ಆಮೇಲೆ ಚಳಿಯಿಲ್ಲದೆಯೂ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನಾದ್ದರಿಂದ ಆ ಮಾತ್ರೆ, ಈ ಮುಲಾಮು ಎಂದು ತಂದುಕೊಟ್ಟೆ, ಒಂದೂ ನಾಟಲಿಲ್ಲ. ಕೊನೆಗೆ ಡಾಕ್ಟರು, ನರ ಸಾಯುತ್ತಿದೆ, ಗನ್ನೂ ಬಿಡಬೇಕು ಕೋಲೂ ಬಿಡಬೇಕು ಎಂದರು. ವರ್ಕ್‌ಶಾಪಿನವರು ಅವರನ್ನು ಸ್ಟೋರಿಗೆ ಹಾಕಿ, ಕಿಟಕಿಯ ರಬ್ಬರು ಎಣಿಸುವ ಕೆಲಸ ಕೊಟ್ಟರು. ಆ ಹೊತ್ತಿಗೆ ಅಂಗಿಯ ಗುಂಡಿಯನ್ನು ಅಕ್ಕನೇ ಹಾಕಬೇಕಾಗಿತ್ತು. ಅವಳು ಮನೆಯ ಕೆಳಗೇ ಹೊಲಿಗೆ ಅಂಗಡಿ ಇಟ್ಟಿದ್ದಳು. ಗುಂಡಿ ಹೊಲಿಯುವವಳೂ ನೀನೇ ಹಾಕುವವಳೂ ನೀನೇ, ನನಗೇನೂ ಕೆಲಸ ಉಳಿಸಲಿಲ್ಲ ಎಂದು ಭಾವ ಅವಳನ್ನು ರೇಗಿಸುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ.

ತಂಡದವರಿಗೆ ಅವರು ಈ ವಿಷಯ ಹೇಳಲಿಲ್ಲ. ಇನ್ನೊಂದೇ ಒಂದು ಕಾರ್ಯಕ್ರಮ ಮಾಡಿ ನಿಲ್ಲಿಸುತ್ತೇನೆ, ಅದನ್ನು ಐದು ಕ್ಯಾಮೆರಾ ಇಟ್ಟು ವಿಡಿಯೋ ಮಾಡುತ್ತಾರಂತೆ, ಅದೊಂದು ಉಳಿದರೆ ಸಾಕು ಎಂದು ನಮ್ಮಿಬ್ಬರಿಗೆ ಮಾತ್ರ ಹೇಳಿದರು. ಹೆಚ್ಚುಕಡಿಮೆಯಾದರೆ ಹತ್ತಿರ ಒಬ್ಬರಾದರೂ ಇರಬೇಕೆಂದು ಅಕ್ಕ ನನ್ನನ್ನು ಅಟ್ಟಿದಳು.

ಹಳೆಯ ಗೋದಾಮೊಂದರಲ್ಲಿ ಕಾರ್ಯಕ್ರಮ. ಸಾವಿರ ಜನರಿದ್ದರೇನೋ, ಎಲ್ಲರೂ ಬೆವರುತ್ತಿದ್ದರು. ಕ್ಯಾಮೆರಾಗಳಿಗೆ ಅಡ್ಡವಾಗುತ್ತದೆ, ಯಾರೂ ಫೋನು ಎತ್ತಬೇಡಿ ಎಂದು ಬಾಗಿಲಲ್ಲೇ ಹೇಳಿದ್ದರು. ನಾನು ವೇದಿಕೆಯ ಪಕ್ಕದ ಕಂಬಕ್ಕೆ ಒರಗಿ ಗಡಿಯಾರ ನೋಡುತ್ತ ನಿಂತಿದ್ದೆ. ಮೂರು ಹಾಡು ಹೇಗೋ ಮುಗಿದವು. ನಾಲ್ಕನೆಯದು ಅವರ ದೊಡ್ಡ ಹಾಡು, ಹನ್ನೊಂದು ನಿಮಿಷದ್ದು. ಶುರುವಾಗಿ ಒಂದು ನಿಮಿಷಕ್ಕೆ ಭಾವನ ಬಲಗೈಯ ಕೋಲು ಬಿತ್ತು. ಪಕ್ಕದಿಂದ ಇನ್ನೊಂದು ತೆಗೆದುಕೊಂಡರು, ಅದೂ ಬಿತ್ತು. ಮೂರನೆಯದಕ್ಕೆ ಅವರು ಕೈ ಹಾಕಲೇ ಇಲ್ಲ. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈ ಒಂದರಲ್ಲಿ ಮತ್ತು ಎರಡು ಕಾಲಲ್ಲಿ ಹಾಡನ್ನು ಹಿಡಿದರು. ಎಲ್ಲೆಲ್ಲಿ ಎರಡು ಕೈ ಬೇಕಿತ್ತೋ ಅಲ್ಲೆಲ್ಲ ಖಾಲಿ ಬಿಟ್ಟರು. ಹಾಡಿನ ವೇಗ ಇಳಿಯಿತು. ಕಿರುಚುಗಾರ ಕಕ್ಕಾಬಿಕ್ಕಿಯಾಗಿ ಹಿಂದಕ್ಕೆ ತಿರುಗಿ ನೋಡಿದ. ಕುಣಿಯುತ್ತಿದ್ದ ಜನ ನಿಂತರು, ನಿಂತು ಕೇಳಿದರು. ಸಂಗೀತದ ಗಂಧಗಾಳಿ ಇಲ್ಲದ ನನಗೇ ಮೈ ಜುಮ್ಮೆಂದಿತು. ಮುಗಿದಾಗ ಗೋದಾಮಿನ ತಗಡು ಹಾರಿಹೋಗುವಂತೆ ಕೂಗಿದರು.

ಕೆಳಗಿಳಿದು ಬಂದ ಭಾವ ನನ್ನ ಹೆಗಲ ಮೇಲೆ ಎಡಗೈ ಇಟ್ಟು, “ಇಪ್ಪತ್ತೆರಡು ವರ್ಷದಲ್ಲಿ ಇವತ್ತೊಂದಿನ ಸರಿಯಾಗಿ ಬಾರಿಸಿದೆ ಕಣೋ” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮಾರನೆಯ ವಾರ ಕೈಯ ವಿಷಯವನ್ನು ತಂಡದವರಿಗೆ ತಿಳಿಸಿ ಅವರು ತಂಡ ಬಿಟ್ಟರು.

ಮೂರು ತಿಂಗಳ ಮೇಲೆ ವಿಡಿಯೋ ಬಂತು. ಭಾನುವಾರ ಬೆಳಿಗ್ಗೆ ಅಕ್ಕ ಅಂಗಡಿಯ ಬಾಗಿಲು ಅರ್ಧ ಎಳೆದು, ಕತ್ತರಿಸುವ ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಬದಿಗೆ ತಳ್ಳಿ ನನ್ನ ಲ್ಯಾಪ್‌ಟಾಪಿಗೆ ಜಾಗ ಮಾಡಿದಳು. ಭಾವ ತಲೆ ಬಾಚಿಕೊಂಡು ಬಂದು ಕೂತರು. ಮೂರು ಹಾಡು ಕೇಳಿದೆವು. ನಾಲ್ಕನೆಯದು ಶುರುವಾಯಿತು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಡ್ರಮ್ಸ್ ಎಲ್ಲಿಯೂ ತಪ್ಪಲಿಲ್ಲ. ಒಂದು ಸಂದೂ ಇಲ್ಲದೆ, ಬಿರುಸಾಗಿ, ಎರಡೂ ಕೈಯ ಪೆಟ್ಟು ಒಂದೇ ಸಮ ಬೀಳುತ್ತಿತ್ತು. ಚಿತ್ರದಲ್ಲಿ ಕಿರುಚುಗಾರನ ಗಂಟಲು, ಗಿಟಾರಿನವನ ಬೆರಳು, ಜನರ ತಲೆ. ಭಾವ ಬಂದರೆ ಮುಖ ಮಾತ್ರ.

“ಇದು ನಾನಲ್ಲ” ಎಂದರು ಭಾವ.

ಗಿಟಾರಿನವನಿಗೆ ಫೋನು ಮಾಡಿದ್ದಕ್ಕೆ ಅವನು ಸಂಜೆಯೇ ಖುದ್ದು ಬಂದ. ಕೆಟ್ಟವನಲ್ಲ, ಅದೇ ತೊಂದರೆ. ಇಷ್ಟು ವರ್ಷದ ಹೆಸರು ಕೊನೆಯ ದಿನ ಮಣ್ಣುಪಾಲಾಗಬಾರದೆಂದು ತಾನೇ ಕೂತು, ಆ ಹಾಡಿನ ಡ್ರಮ್ಸನ್ನೆಲ್ಲ ಕಂಪ್ಯೂಟರಿನಲ್ಲಿ ಹೊಸದಾಗಿ ಕಟ್ಟಿಸಿದೆ ಎಂದ. ಎರಡು ವಾರ ರಜೆ ಹಾಕಿದ್ದನಂತೆ. ಅವತ್ತು ನಿಜವಾಗಿ ರೆಕಾರ್ಡ್ ಆದದ್ದು ಎಲ್ಲಿದೆ ಎಂದು ಭಾವ ಕೇಳಿದರು. ಸ್ಟುಡಿಯೋದ ಡಿಸ್ಕು, ಕೆಲಸ ಮುಗಿದ ಮೇಲೆ ಅಳಿಸಿ ಬೇರೆಯವರಿಗೆ ಕೊಟ್ಟಿದ್ದಾರೆ ಎಂದ. ಭಾವ ಬೈಯಲಿಲ್ಲ. ನಾನು ಬೈದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದ.

ಇನ್ನು ಅಭಿಮಾನಿಗಳ ವಿಷಯ. ವಿಡಿಯೋದ ಕೆಳಗೆ ಅಭಿಪ್ರಾಯಗಳ ಸಂತೆ ನೆರೆದಿತ್ತು. ಭಾವನ ಬೆರಳಿಗೆ ಫೋನಿನ ಗಾಜು ಸ್ಪಂದಿಸುತ್ತಿರಲಿಲ್ಲ, ಹಾಗಾಗಿ ದಿನವೂ ಸಂಜೆ ನನ್ನ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ನಾನೇ ಓದಿ ಹೇಳುತ್ತಿದ್ದೆ. ಓದುವಾಗ ವಿಡಿಯೋ ಹಿಂದೆ ಓಡುತ್ತಲೇ ಇರುತ್ತಿತ್ತು. ಗಿಟಾರಿನ ಸದ್ದು ಹಳೆಯ ವಿಡಿಯೋದಲ್ಲಿ ಚೆನ್ನಾಗಿತ್ತೆಂದು ಒಬ್ಬ, ನಿನ್ನ ಕಿವಿಯಲ್ಲಿ ಗುಗ್ಗೆ ತುಂಬಿದೆ ಎಂದು ಇನ್ನೊಬ್ಬ. ಕ್ಯಾಮೆರಾದವನಿಗೆ ಲಕ್ವ ಹೊಡೆದಿತ್ತೇ ಎಂದು ಮತ್ತೊಬ್ಬ. ಕಿರುಚುಗಾರನ ಗಂಟಲು ಹೋಗಿದೆ, ಇಲ್ಲ ಈಗ ಹಣ್ಣಾಗಿದೆ ಎಂದು ಎರಡು ಪಂಗಡಗಳೇ ಆಗಿ ಮೂರು ದಿನ ಕಾಲು ಕೆರೆದು ಜಗಳವಾಡಿದರು. ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: ನಾಲ್ಕನೆಯ ಹಾಡಿನಲ್ಲಿ ಸುತ್ತಿಗೆ ಅಣ್ಣ. ಐವತ್ತು ದಾಟಿದ ಕೈಯಾ ಇದು, ಯಂತ್ರ ಇದ್ದ ಹಾಗಿದೆಯಲ್ಲ ಎಂದು ಒಬ್ಬ ಬರೆದಿದ್ದ. ಯಂತ್ರವೇ ಕಣಪ್ಪಾ ಎಂದು ಭಾವ ಮೆಲ್ಲಗೆ ಅಂದರು.

ಆರನೆಯ ದಿನ ಒಂದು ಬೇರೆ ಥರದ ಅಭಿಪ್ರಾಯ ಸಿಕ್ಕಿತು. ‘ಮೂರನೇ ಸಾಲು’ ಎಂಬ ಹೆಸರಿಟ್ಟುಕೊಂಡವನದು. ತಾನು ಅವತ್ತು ಮೂರನೆಯ ಸಾಲಿನಲ್ಲಿದ್ದೆ. ಅಣ್ಣನ ಕೋಲು ಎರಡು ಸಲ ಬಿತ್ತು. ಆಮೇಲೆ ಒಂಟಿ ಕೈಯಲ್ಲೇ ಬಾರಿಸಿದರು. ಅಂಥದ್ದನ್ನು ತಾನು ಜನ್ಮದಲ್ಲಿ ಕೇಳಿರಲಿಲ್ಲ. ಇಲ್ಲಿ ಕೇಳುತ್ತಿರುವುದು ಅದಲ್ಲ. ಅವತ್ತಿನದು ತನ್ನ ಫೋನಿನಲ್ಲಿ ಪೂರ್ತಿ ಇದೆ, ಎಂದು ಬರೆದಿದ್ದ.

ನಾನು ಓದಿ ಮುಗಿಸುವಷ್ಟರಲ್ಲಿ ಭಾವ ಎದ್ದು ನಿಂತಿದ್ದರು. ಇನ್ನೊಮ್ಮೆ ಓದು ಎಂದರು. ಓದಿದೆ. ಅಕ್ಕ ಮಿಷನ್ ನಿಲ್ಲಿಸಿದಳು. ಮೂರು ತಿಂಗಳಿಂದ ಅವರ ಮುಖದಲ್ಲಿ ಕಾಣದ ಕಳೆ ಆಗ ಕಂಡಿತು.

ಆದರೆ ಉಳಿದವರು, ಹೆಚ್ಚಿನವರು ಅವತ್ತು ಗೋದಾಮಿಗೆ ಬಂದವರೇ ಅಲ್ಲ, ಅವನನ್ನು ಹುರಿದು ಮುಕ್ಕುತ್ತಿದ್ದರು. ಇನ್ನೂರು ಉತ್ತರಗಳು. ಹೊಟ್ಟೆಕಿಚ್ಚಿನವನು, ಸುಳ್ಳುಗಾರ, ಅಣ್ಣನ ಮರ್ಯಾದೆ ತೆಗೆಯಲು ಬಂದವನು, ಎದುರಿಗೆ ಸಿಕ್ಕರೆ ಹಲ್ಲು ಉದುರಿಸುತ್ತೇವೆ. ಇವರೆಲ್ಲ ಭಾವನನ್ನು ಪ್ರೀತಿಸುವವರೇ. ಅಂಥ ಪ್ರೀತಿ ಶತ್ರುವಿಗೂ ಬೇಡ.

ನನ್ನ ಮುಖ ತೋರಿಸಿ ಒಂದು ವಿಡಿಯೋ ಮಾಡಿ ಹಾಕು, ನಾನೇ ಹೇಳುತ್ತೇನೆ, ಅವನು ಹೇಳಿದ್ದು ನಿಜ, ಆ ಫೋನಿನಲ್ಲಿರುವುದು ನನಗೆ ಬೇಕು ಎಂದು ಭಾವ ಹೇಳಿದರು. ನಾನು ಬೇಡವೆಂದೆ. ಆ ಕೈ ನೋಡಿದರೆ ಜನ ಅಯ್ಯೋ ಪಾಪ ಅಂತಾರೆ ಭಾವ, ಸುಮ್ಮನೆ ನಾಲ್ಕು ಸಾಲು ಬರೆದರೆ ಸಾಕು ಎಂದೆ. ದೊಡ್ಡ ಬುದ್ಧಿವಂತನ ಹಾಗೆ ಹೇಳಿದೆ. ಭಾವನಿಗೆ ಅಲ್ಲಿ ಖಾತೆ ಇರಲಿಲ್ಲ. ನನ್ನದರಲ್ಲಿ ಬರೆಯಲು ನನಗೇ ಮುಜುಗರ. ನಮ್ಮ ಔಷಧಿ ಅಂಗಡಿಯ ಗಿರಾಕಿಗಳೆಲ್ಲ ನೋಡುತ್ತಾರೆ. ಅಕ್ಕನ ಖಾತೆಯಲ್ಲಿ ಬರೆದೆ. ಅದರಲ್ಲಿ ಅವಳ ಹೆಸರಿರಲಿಲ್ಲ, ಅಂಗಡಿಯ ಹೆಸರಿತ್ತು. ಮುಖದ ಜಾಗದಲ್ಲಿ ಅವಳ ಹೊಲಿಗೆ ಮಿಷನ್ನಿನ ಫೋಟೋ ಇತ್ತು.

“ನಾನೇ ಸುತ್ತಿಗೆ ಅಣ್ಣ. ಮೂರನೇ ಸಾಲಿನವರು ಹೇಳಿದ್ದು ನಿಜ. ಈ ಹಾಡಲ್ಲಿ ಬಾರಿಸಿದ್ದು ನಾನಲ್ಲ. ನಿಮ್ಮ ಫೋನಲ್ಲಿರೋದನ್ನ ದಯವಿಟ್ಟು ನನಗೆ ಕಳಿಸಿ” ಎಂದು ಭಾವ ಹೇಳಿದ ಹಾಗೆಯೇ ಬರೆದು ಹಾಕಿದೆ.

ಹತ್ತು ನಿಮಿಷದಲ್ಲಿ ನಗು ಶುರುವಾಯಿತು. ಮಿಷನ್ನು ಮಾತಾಡ್ತಿದೆ ಬನ್ರೋ ಎಂದ ಒಬ್ಬ. ಸುತ್ತಿಗೆ ಅಣ್ಣ ಈಗ ಅಂಗಿ ಹೊಲೀತಾರಾ, ನನ್ನ ಅಳತೆ ತಗೊಳ್ಳಿ ಎಂದ ಇನ್ನೊಬ್ಬ. ನಗು ಮುಗಿದ ಮೇಲೆ ಸಿಟ್ಟು ಬಂತು. ಅಣ್ಣನ ಹೆಸರಿನಲ್ಲಿ ಯಾರೋ ಕಿಡಿಗೇಡಿಗಳು ಹೊಂಚು ಹಾಕಿದ್ದಾರೆ, ಎಲ್ಲರೂ ದೂರು ಕೊಡಿ ಎಂದು ಕೂಗೆದ್ದಿತು. ಮಾರನೆಯ ದಿನ ಸಂಜೆಯ ಹೊತ್ತಿಗೆ ಅಕ್ಕನ ಖಾತೆ ಬಂದ್ ಆಯಿತು. ಅಂಗಡಿಗೆ ಬರುವ ಹೆಂಗಸರೆಲ್ಲ ಅದರಲ್ಲೇ ಆರ್ಡರು ಕೊಡುತ್ತಿದ್ದರು. ಅವಳು ಮಾತ್ರ, ಆ ಮೂರನೇ ಸಾಲಿನವನು ಏನಂದ ನೋಡು ಎಂದಷ್ಟೇ ಕೇಳಿದಳು.

ನನ್ನ ಖಾತೆಯಿಂದ ತೆಗೆದು ನೋಡಿದೆ. ಅವನು ಬರೆದಿದ್ದ. ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡಿದ್ದರೆ ಜೋರಾಗಿ ಓದುತ್ತಿರಲಿಲ್ಲ. ಅಭ್ಯಾಸಬಲ, ಓದಿಬಿಟ್ಟೆ.

“ಎಲ್ಲರ ಹತ್ರ ಕ್ಷಮೆ ಕೇಳ್ತೀನಿ. ಅಣ್ಣನಿಗೆ ಅವಮಾನ ಮಾಡೋ ಉದ್ದೇಶ ನನಗೆ ಇರ್ಲಿಲ್ಲ. ನನಗೆ ಅವತ್ತಿಂದೇ ಇಷ್ಟ, ಅದಕ್ಕೇ ಬರ್ದೆ. ಆದ್ರೆ ಈಗ ಯಾರೋ ಅಣ್ಣನ ಹೆಸರು ಹೇಳ್ಕೊಂಡು ಆ ವಿಡಿಯೋ ಕೇಳ್ತಿದಾರೆ. ಅಂಥೋರ ಕೈಗೆ ಸಿಕ್ಕಿದ್ರೆ ಅಣ್ಣನ್ನ ಆಡ್ಕೊಂಡು ನಗ್ತಾರೆ. ಅದಕ್ಕೇ ಅಳಿಸಿಬಿಟ್ಟಿದೀನಿ. ಇನ್ನೆಲ್ಲೂ ಇಲ್ಲ. ಅಣ್ಣ, ನೀವಿದನ್ನ ಓದ್ತಿದ್ರೆ, ಅವತ್ತು ನಾನು ಏನೂ ನೋಡ್ಲಿಲ್ಲ.”

ಅದರ ಕೆಳಗೆ ನಾನೂರು ಜನ ಭೇಷ್ ಎಂದಿದ್ದರು.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು. ಭಾವನ ಮಾತು ಕೇಳಿದ್ದರೆ, ಅವರ ಮುಖ ತೋರಿಸಿದ್ದರೆ ಇಷ್ಟು ಹೊತ್ತಿಗೆ ಅದು ನಮ್ಮ ಕೈಯಲ್ಲಿರುತ್ತಿತ್ತು. ಅವರಿಗೆ ಉಳಿದಿದ್ದ ಒಂದನ್ನು ನಾನು ನನ್ನ ಕೈಯಾರೆ ಹಾಳುಮಾಡಿದ್ದೆ. ತಪ್ಪಾಯಿತು ಭಾವ ಎಂದೆ. ನಿನ್ನದೇನೋ ತಪ್ಪು, ಪಾಪ ಆ ಹುಡುಗನದೂ ಏನಿದೆ ಎಂದರು. ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಂಡರು.

ಆಮೇಲೆ ನನ್ನ ಕಡೆ ತಿರುಗಿದರು. “ಹೋಗ್ಲಿ ಬಿಡು. ನೀನಿದ್ದೆಯಲ್ಲ, ಕಂಬದ ಹತ್ರಾನೇ ನಿಂತಿದ್ದೆ. ಕೇಳಿದೀಯ. ನಿಂಗೆ ನೆನಪಿದೆ ತಾನೇ?”

ನಾನು ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಬಿದ್ದ ಕೋಲು ನೆನಪಿತ್ತು, ತೊಡೆಯ ಮೇಲಿದ್ದ ಕೈ ನೆನಪಿತ್ತು, ನಿಂತುಹೋದ ಜನ ನೆನಪಿದ್ದರು. ಸದ್ದು ಬರಲಿಲ್ಲ. ಏನು ಮಾಡಿದರೂ ತಲೆಯೊಳಗೆ ಬಂದದ್ದು ಕಂಪ್ಯೂಟರಿನದೇ, ಒಂದು ಸಂದೂ ಇಲ್ಲದೆ, ಎರಡು ಕೈಯಲ್ಲಿ. ಅಭಿಪ್ರಾಯ ಓದುತ್ತ ಓದುತ್ತ ನಾನು ಅದನ್ನು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ.

“ನೆನಪಿದೆ ಭಾವ, ಪೂರ್ತಿ ನೆನಪಿದೆ” ಎಂದೆ.

ಹಾಗಾದರೆ ಸಾಕು ಎಂದು ಅವರು ಎದ್ದು ಅಂಗಡಿಯ ಬಾಗಿಲು ಎಳೆಯಲು ಹೋದರು. ಬೆರಳಿಗೆ ಹಿಡಿ ಸಿಗಲಿಲ್ಲ. ನಾನು ಹೋಗಿ ಎಳೆದುಕೊಟ್ಟೆ.