ಬುಧವಾರದ ಬುಟ್ಟಿಗಳು

ಬೆಳಗಾವಿಯ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಶಿವಬಸವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಊಟದ ಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಸಾಕು, ಅರವತ್ತು ಹುಡುಗಿಯರಲ್ಲಿ ಯಾರು ಅರೆಹೊಟ್ಟೆಯಲ್ಲಿ ಏಳುತ್ತಿದ್ದಾರೆ ಎಂದು ಅವಳಿಗೆ ತಿಳಿದುಬಿಡುತ್ತಿತ್ತು. ಬೈಲಹೊಂಗಲದ ಕಡೆಯ ಎರೆಭೂಮಿಯವಳು. ಎತ್ತರದ ಆಳು, ಗಟ್ಟಿ ದನಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಗಂಡ ಬಾಳಪ್ಪ ಅದೇ ಹಾಸ್ಟೆಲಿನ ಕಾವಲುಗಾರ. ಹೆಂಡತಿ ಹತ್ತು ಮಾತಾಡಿದರೆ ಅವನು ಒಂದು ಆಡುತ್ತಿದ್ದ, ಅದನ್ನೂ ಯೋಚಿಸಿ.

ನಾನು ಅಲ್ಲಿಗೆ ಸೇರಿದ್ದು ೧೯೭೩ರ ಜೂನಿನಲ್ಲಿ, ಐದನೆಯ ಇಯತ್ತೆಗೆ. ನನ್ನ ಹೆಸರು ಸುಲಭಾ. ಖಾನಾಪುರದಿಂದ ಹಲಸಿಯ ಹಾದಿಯಲ್ಲಿ ಒಂದು ಹರದಾರಿ ನಡೆದರೆ ನಮ್ಮ ಹಳ್ಳಿ, ಮನೆಮಾತು ಮರಾಠಿ. ಹಾಸ್ಟೆಲಿನ ಮೇಲ್ವಿಚಾರಕಿ ಕುಮುದಿನಿಬಾಯಿ ಖಾನಾಪುರದವರು. ಅವರು ಮನೆಗೆ ಬಂದು ಹೇಳಿದ್ದಕ್ಕೇ ನನ್ನ ತಾಯಿ ಮಾಯಕ್ಕ, ನಮ್ಮ ಮಾತಿನಲ್ಲಿ ಆಯಿ, ನನ್ನನ್ನು ಕಳಿಸಲು ಒಪ್ಪಿದ್ದಳು.

ಅದು ಬರಗಾಲದ ಮರುವರ್ಷ. ರೇಶನ್ನಿನ ಕೆಂಪು ಜೋಳದ ರೊಟ್ಟಿ ಆರಿದರೆ ಹಲ್ಲಿಗೆ ಬಗ್ಗುತ್ತಿರಲಿಲ್ಲ. ಕಾಯಿಪಲ್ಯವನ್ನು ಸಂಜೆ ಬಜಾರು ಮುಚ್ಚುವ ಹೊತ್ತಿಗೆ ಅಗ್ಗಕ್ಕೆ ತರುವ ರೂಢಿ. ಹಾಗಾಗಿ ನಮಗೆ ಸಿಗುತ್ತಿದ್ದದ್ದು ಕೋಸಿನ ಹೊರಗಿನ ಎಲೆ, ಬೀಜ ಬಲಿತ ಬದನೆಕಾಯಿ, ಬಿಸಿಲಿಗೆ ಬಾಡಿದ ಮೆಂತ್ಯ. ದೀಪಾವಳಿ ಹತ್ತಿರವಾಗುವಷ್ಟರಲ್ಲಿ ಅರ್ಧ ಹುಡುಗಿಯರ ಬಾಯಿ ಕೊನೆ ಒಡೆದು, ನಾಲಿಗೆ ಕೆಂಪಾಗಿತ್ತು. ಊರಿನ ದಂಡುಪ್ರದೇಶವಾದ ಕ್ಯಾಂಪಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಡಾಕ್ಟರು ನೋಡಿ, "ಇದಕ್ಕ ಔಷಧಕ್ಕಿಂತ ಊಟ ಮುಖ್ಯ. ತಾಜಾ ಕಾಯಿಪಲ್ಯೆ ಕೊಡ್ರಿ" ಅಂದರು.

"ತಾಜಾ ಅನ್ನೂದು ಯಾವ ಅಂಗಡ್ಯಾಗ ಸಿಗತೈತಿ, ಅದನ್ನೂ ಹೇಳಿ ಹೋಗ್ರಿ ಸಾಹೇಬ್ರ" ಅಂದಳು ಶಿವಬಸವ್ವ. ಡಾಕ್ಟರು ನಕ್ಕು ಹೋದರು. ಅವಳು ನಗಲಿಲ್ಲ.

ಮುಂದಿನ ರವಿವಾರ ಆಯಿ ನನ್ನನ್ನು ನೋಡಲು ಬಂದಳು. ಧೋತರದ ಗಂಟಿನಲ್ಲಿ ಬೇಯಿಸಿದ ಗೆಣಸು. ಬೆರಳಿನಷ್ಟು ದಪ್ಪದವು, ಕೆಂಪು ಸಿಪ್ಪೆಯವು. ನನ್ನ ಕೈಗೆ ಎರಡು ಬರುವಷ್ಟರಲ್ಲಿ ಗಂಟು ಬರಿದಾಗಿತ್ತು. ಮಧ್ಯಾಹ್ನ ರೊಟ್ಟಿ ಬಿಟ್ಟು ಎದ್ದಿದ್ದ ಹುಡುಗಿಯರು ಸಿಪ್ಪೆಯನ್ನೂ ಬಿಡದೆ ತಿಂದದ್ದನ್ನು ಶಿವಬಸವ್ವ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಆಯಿಯ ಬಾಜು ಬಂದು ಕುಳಿತಳು.

"ಇಷ್ಟು ಸಣ್ಣ ಗೆಣಸು ನಾ ಇಲ್ಲಿ ಬಾಜಾರದಾಗ ಕಂಡೇ ಇಲ್ಲಲ್ಲವಾ?"

"ಸಣ್ಣವು ಬಾಜಾರಕ್ಕ ಬರೂದಿಲ್ರಿ" ಅಂದಳು ಆಯಿ. ಕನ್ನಡ ಅವಳಿಗೆ ಬರುತ್ತಿತ್ತು, ಒಂದೊಂದೇ ಮಾತು ಆರಿಸಿಕೊಂಡು ಆಡುತ್ತಿದ್ದಳು. "ದೊಡ್ಡವು ಲಾರಿ ಹತ್ತಿ ದೂರದ ಊರಿಗೆ ಹೋಗತಾವು. ಸಣ್ಣವು ಎಮ್ಮಿಗೆ."

"ಎಮ್ಮಿಗೆ!" ಶಿವಬಸವ್ವ ಎದ್ದು ನಿಂತೇಬಿಟ್ಟಳು. "ಇಲ್ಲಿ ನನ್ನ ಹುಡಗ್ಯಾರು ಬಾಯಿ ಒಡಕೊಂಡು ಕುಂತಾರ, ಅಲ್ಲಿ ಎಮ್ಮಿ ಗೆಣಸು ತಿಂತಾವು!"

ಇಪ್ಪತ್ತು ವರ್ಷ ಬೆಳಗಾವಿಯಲ್ಲಿದ್ದರೂ ಅವಳು ಖಾನಾಪುರದ ದಿಕ್ಕಿಗೆ ಕಾಲಿಟ್ಟವಳಲ್ಲ. ಆ ವಾರವೇ ಕುಮುದಿನಿಬಾಯಿಯನ್ನು ಕಟ್ಟಿಕೊಂಡು ರೈಲು ಹತ್ತಿದಳು. ನಮ್ಮ ಅಂಗಳದಲ್ಲಿ ಏಳೆಂಟು ಹೆಂಗಸರು ಸೇರಿದ್ದರು. ಯಾರ ಮುಖದಲ್ಲೂ ಉತ್ಸಾಹವಿರಲಿಲ್ಲವಂತೆ. ಪೇಟೆಯವರು ಒಮ್ಮೆ ಬರುತ್ತಾರೆ, ಟೊಮೆಟೊ ಬೇಕು, ಹೂಕೋಸು ಬೇಕು ಅನ್ನುತ್ತಾರೆ, ಅದನ್ನು ಬೆಳೆದಿಟ್ಟರೆ ಮರಳಿ ಬರುವುದಿಲ್ಲ ಎಂದು ಒಬ್ಬಳು ಮರಾಠಿಯಲ್ಲಿ ಅಂದಳು. ಕುಮುದಿನಿಬಾಯಿ ಅದನ್ನು ಕನ್ನಡದಲ್ಲಿ ಹೇಳಿದರು.

ಶಿವಬಸವ್ವ, "ಇವರಿಗೆ ಹಿಂಗ ಹೇಳ್ರಿ ಬಾಯಾರ" ಅಂದಳು. "ನಾ ಇಂಥಾದ್ದು ಬೇಕು ಅಂತ ಕೇಳಾಂಗಿಲ್ಲ. ಇವರ ಹೊಲದಾಗ, ಹಿತ್ತಲದಾಗ ಆ ವಾರ ಏನು ಬೆಳದಿರತೈತೋ ಅದನ್ನ ತರಲಿ. ಅಡಗಿ ಮಾಡೂದು ನನ್ನ ಕೆಲಸ. ಬಂದವರು ಉಂಡು ಹೋಗಬೇಕು, ಅಷ್ಟ."

ಕುಮುದಿನಿಬಾಯಿ ಅನುವಾದಿಸುವ ಮೊದಲೇ ಆಯಿ ತಲೆಯಾಡಿಸಿದ್ದಳು. ಆಡಳಿತ ಮಂಡಳಿಯನ್ನು ಒಪ್ಪಿಸುವ ಕೆಲಸ ಕುಮುದಿನಿಬಾಯಿಯ ಪಾಲಿಗೆ ಬಂತು. ಬಜಾರಿಗೆ ಕೊಡುವ ಹಣವನ್ನೇ ಈ ಹೆಂಗಸರಿಗೆ ಕೊಟ್ಟು ಮೂರು ತಿಂಗಳು ಮಾಡಿ ನೋಡಿ ಎಂದು ಮಂಡಳಿಯವರು ಅರೆಮನಸ್ಸಿನಿಂದ ಒಪ್ಪಿದರು.

ಹೀಗೆ ಬುಧವಾರದ ಬುಟ್ಟಿಗಳು ಶುರುವಾದವು. ಖಾನಾಪುರದಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ಮೂವರೋ ನಾಲ್ವರೋ ಹೆಂಗಸರು ಬರುತ್ತಿದ್ದರು. ಬಾಳಪ್ಪ ಸೈಕಲ್ಲು ತೆಗೆದುಕೊಂಡು ಸ್ಟೇಶನ್ನಿನಲ್ಲಿ ನಿಂತಿರುತ್ತಿದ್ದ. ಚಳಿಗಾಲದಲ್ಲಿ ಗೆಣಸು, ಅವರೆಕಾಯಿ, ಹಸಿಮೆಣಸು. ಬೇಸಗೆಯಲ್ಲಿ ಹಲಸು, ಗೋಡಂಬಿಯ ಹಣ್ಣು. ವರ್ಷವಿಡೀ ನಾಚಣಿ, ಅಂದರೆ ರಾಗಿ. ಜೋಳದ ನಾಡಿನ ಶಿವಬಸವ್ವ ನಾಚಣಿಯ ಅಂಬಲಿ ಕಾಯಿಸಲು ಕಲಿತಳು. ಹೋಳಿ ಹುಣ್ಣಿಮೆಯ ಹೊತ್ತಿಗೆ ನಮ್ಮ ಬಾಯಿ ಹುಣ್ಣು ಮಾಯವಾಗಿತ್ತು. ಮಂಡಳಿಯವರು ಮೂರು ತಿಂಗಳ ಮಾತು ಮತ್ತೆ ಎತ್ತಲಿಲ್ಲ.

ಎಲ್ಲವೂ ಸುಲಭವಾಗಿ ಬಂತೆಂದಲ್ಲ. ಮೊದಲ ಮಳೆಗಾಲದಲ್ಲಿ ಬಿದಿರಿನ ಎಳೆಮೊಳಕೆಯಾದ ಕಳಲೆ ಬಂದಾಗ ಶಿವಬಸವ್ವ ಅದನ್ನು ಹೆಚ್ಚಿ ಹಾಗೇ ಒಗ್ಗರಣೆಗೆ ಹಾಕಿದಳು. ನಾವು ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದೆವು. ಹಾಗಲಕಾಯಿ ಇದರ ಮುಂದೆ ಬೆಲ್ಲ. ಮರುವಾರ ಆಯಿ ಅಡುಗೆಮನೆಗೆ ಹೋಗಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಕಳಲೆಯನ್ನು ಮೂರು ದಿನ ನೀರಲ್ಲಿ ಹಾಕಿ ದಿನಾ ನೀರು ಬದಲಿಸಬೇಕೆಂದು ತೋರಿಸಿಕೊಟ್ಟಳು. "ಮೊದಲ ಹೇಳಾಕ ಏನಾಗಿತ್ತವಾ ನಿನಗ?" ಎಂದು ಶಿವಬಸವ್ವ ಗದರಿದಳು. "ನಿಮಗ ಗೊತ್ತಿಲ್ಲಂತ ನನಗ ಏನ ಗೊತ್ತು?" ಎಂದಳು ಆಯಿ. ಅಂದಿನಿಂದ ಅವರಿಬ್ಬರು ಗೆಳತಿಯರು.

ಆ ಗೆಳೆತನ ಮುರಿದುಬಿದ್ದದ್ದು ಎಪ್ಪತ್ತಾರರ ಆಗಸ್ಟಿನಲ್ಲಿ. ಎಂಟು ದಿನದಿಂದ ಮಳೆ ಬಿಟ್ಟಿರಲಿಲ್ಲ. ಆ ಬುಧವಾರ ರೈಲು ಹಾದಿಯಲ್ಲೇ ನಿಂತು, ಬೆಳಿಗ್ಗೆ ಬರಬೇಕಾದದ್ದು ಮಧ್ಯಾಹ್ನ ದಾಟಿ ಬಂತು. ಮಂಡಳಿಯ ಇಬ್ಬರು ಹಿರಿಯರು ಊಟಕ್ಕೆ ಬಂದು ಕುಳಿತಿದ್ದರು. ನಾವು ಪಂಕ್ತಿಯಲ್ಲಿ ಕುಳಿತು ಒಂದು ಗಂಟೆಯಾಗಿತ್ತು. ಅನ್ನ ಆಗಿತ್ತು, ಪಲ್ಯಕ್ಕೆ ಏನೂ ಇರಲಿಲ್ಲ. ಆಗ ಆಯಿ ಒಬ್ಬಳೇ, ತಲೆಯಿಂದ ಕಾಲಿನವರೆಗೆ ನೆನೆದು, ಬುಟ್ಟಿ ಹೊತ್ತು ಒಳಗೆ ಬಂದಳು. ಬುಟ್ಟಿಯ ಮೇಲಿನ ಎಲೆ ತೆಗೆದರೆ ರಾಜಗಿರಿ ಸೊಪ್ಪು ಕೊಳೆತು ಲೋಳೆಯಾಗಿತ್ತು, ವಾಸನೆ ಹೊಡೆಯುತ್ತಿತ್ತು.

ಶಿವಬಸವ್ವನ ಸಿಟ್ಟು ಅಲ್ಲೇ ಉಕ್ಕಿತು. "ಇದನ್ನ ಮಂದಿ ತಿಂತಾರೇನು? ಒಯ್ದು ನಿಮ್ಮ ಎಮ್ಮಿಗೆ ಹಾಕ್ರಿ!"

ನನ್ನ ಎರಡೂ ಬದಿಯ ಹುಡುಗಿಯರು ನನ್ನತ್ತ ತಿರುಗಿದ್ದು ಗೊತ್ತಾಯಿತು. ನನಗಾಗ ಹದಿಮೂರು. ಏಳಬೇಕಿತ್ತು, ಆಯಿಯ ತಲೆಗೊಂದು ಟವೆಲು ಕೊಡಬೇಕಿತ್ತು. ನಾನು ತಲೆ ಎತ್ತಲಿಲ್ಲ. ತಾಟಿನ ಅಂಚು ನೋಡುತ್ತ ಕುಳಿತೆ. ನೋಡಿದಾಗ ಆಯಿ ಹೋಗಿಯಾಗಿತ್ತು. ಬಾಗಿಲವರೆಗೆ ನೀರಿನ ಹೆಜ್ಜೆಗಳಿದ್ದವು.

ಮುಂದಿನ ಬುಧವಾರ ಯಾರೂ ಬರಲಿಲ್ಲ. ಅದರ ಮುಂದಿನ ಬುಧವಾರವೂ ಇಲ್ಲ. ಬಾಳಪ್ಪ ಮಾತ್ರ ಸೈಕಲ್ಲಿನ ಜೊತೆ ಸ್ಟೇಶನ್ನಿಗೆ ಹೋಗಿ ಬರುತ್ತಿದ್ದ. ಬಜಾರಿನ ಬಾಡಿದ ಕೋಸು ಮತ್ತೆ ಬಂತು. "ಕೊಳೆತದ್ದನ್ನ ಕೊಳೆತದ್ದು ಅನಬಾರದೇನು?" ಎಂದು ಶಿವಬಸವ್ವ ಒಮ್ಮೆ ಗಂಡನನ್ನು ಕೇಳಿದಳಂತೆ. ಬಾಳಪ್ಪ, "ಆಕಿ ಅವತ್ತ ಉಣ್ಣದ ಹೋದಳು" ಎಂದನಂತೆ.

ಅದು ಅವಳಿಗೆ ನಾಟಿತು. ಮೂರನೆಯ ವಾರ, ಕುಮುದಿನಿಬಾಯಿಗೂ ಹೇಳದೆ, ಒಬ್ಬಳೇ ಖಾನಾಪುರಕ್ಕೆ ಹೋದಳು. ದಾರಿ ಕೇಳುತ್ತ, ಕೆಸರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಮ್ಮ ಮನೆ ಮುಟ್ಟಿದಳು. ಮುಂದಿನದನ್ನು ಆಯಿಯೇ ನನಗೆ ಹೇಳಿದ್ದು. ಆಯಿ ಬೆಲ್ಲ, ನೀರು ತಂದಿಟ್ಟು, ಕಂಬಕ್ಕೆ ಒರಗಿ ಕುಳಿತಳು.

"ನನ್ನ ಬಾಯಿ ಕೆಟ್ಟದ್ದು ಮಾಯಕ್ಕಾ. ಹೊಟ್ಟ್ಯಾಗ ಇಟಗೋಬ್ಯಾಡ" ಎಂದಳು ಶಿವಬಸವ್ವ.

"ಪಲ್ಯೆ ಕೊಳತಿದ್ದು ಖರೇನ. ಎಮ್ಮಿ ಮಾತಿಗೂ ನನಗ ಸಿಟ್ಟಿಲ್ಲ. ಆದರ ಪಂಗತಿ ಮುಂದ ಅಂದ್ರಿ. ನನ್ನ ಮಗಳು ತಲಿ ಎತ್ತಲಿಲ್ರಿ ಶಿವಬಸಕ್ಕಾ. ನನ್ನ ನೋಡಲೇ ಇಲ್ಲ."

ಶಿವಬಸವ್ವನ ಕಣ್ಣು ತುಂಬಿದವು. ಆಯಿಯವೂ. ಹೊರಗೆ ಮಳೆ ಸುರಿಯುತ್ತಲೇ ಇತ್ತು.

"ಹಂಗಾರ ಪಂಗತಿ ಮುಂದನ ತಪ್ಪಾತು ಅಂತೀನಿ. ಬುಧವಾರ ಬಾ. ಬುಟ್ಟಿ ಬ್ಯಾಡ, ಬರೇ ಕೈಲೆ ಬಾ."

ಬರಿಗೈಯಲ್ಲಿ ಬರುವುದು ಆಯಿಯಿಂದ ಆಗಲಿಲ್ಲ. ಸೆರಗಿನಲ್ಲಿ ನಾಲ್ಕು ಎಳೆ ಸವತೆಕಾಯಿ ಕಟ್ಟಿಕೊಂಡು ಬಂದಳು. ಶಿವಬಸವ್ವ ಅವಳ ಕೈಹಿಡಿದು ಕರೆತಂದು, ಪಂಕ್ತಿಯ ಮೊದಲ ಮಣೆಯ ಮೇಲೆ ಕೂರಿಸಿದಳು. ನಮಗೆ ಯಾರಿಗೂ ಇನ್ನೂ ಬಡಿಸಿರಲಿಲ್ಲ. ಅವಳು ಆಯಿಯ ತಾಟಿಗೆ ಬಡಿಸಿ, ಸೌಟು ಕೈಯಲ್ಲೇ ಹಿಡಿದು ನಮ್ಮ ಕಡೆ ತಿರುಗಿದಳು.

"ಹುಡಗ್ಯಾರ, ಕೇಳ್ರಿ. ಅವತ್ತ ನಾ ಈಕಿಗೆ ಅಂದದ್ದು ತಪ್ಪು. ಈಕಿ ಹಳ್ಳ ದಾಟಿ, ನಸುಕಿನ್ಯಾಗ ಸ್ಟೇಶನ್ಯಾಗ ನೆನಕೊಂತ ನಿಂತು, ನೀವು ಹಸದೀರಿ ಅಂತ ಬಂದಾಕಿ. ಅದನ್ನ ಕೇಳಲಿಲ್ಲ ನಾನು. ತಪ್ಪು ನಂದು."

ನಾನು ಎದ್ದೆ. ಹೇಗೆ ಎದ್ದೆನೋ ತಿಳಿಯದು. ತಾಟು ಹಿಡಿದುಕೊಂಡು ಅಷ್ಟು ಜನರ ಮುಂದೆ ನಡೆದುಹೋಗಿ ಆಯಿಯ ಮಗ್ಗುಲಲ್ಲಿ ಕುಳಿತೆ. ಆಯಿ ನನ್ನತ್ತ ನೋಡದೆ ತನ್ನ ತಾಟಿನ ಸವತೆಕಾಯಿ ಹೋಳೊಂದನ್ನು ನನ್ನ ತಾಟಿಗೆ ಹಾಕಿದಳು. ಅವತ್ತು ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು.

ಊಟವಾದ ಮೇಲೆ ಅವರಿಬ್ಬರೂ ಕುಳಿತು ಹೊಸ ಕಟ್ಟಳೆ ಮಾಡಿದರು. ಮಳೆ ಹಿಡಿದ ಎರಡು ತಿಂಗಳು ಸೊಪ್ಪು ಬೇಡ. ಬೇಸಗೆಯಲ್ಲೇ ಹಲಸಿನ ಬೀಜ, ಹಪ್ಪಳ, ಒಣಗಿಸಿದ ಕಾಳು, ಅವಲಕ್ಕಿ ತಂದು ಹಾಸ್ಟೆಲಿನ ಅಟ್ಟದಲ್ಲಿ ತುಂಬಿಡಬೇಕು. ಖಾನಾಪುರ ಸ್ಟೇಶನ್ನಿನ ಪಾರ್ಸೆಲ್ ಕ್ಲಾರ್ಕು ದಿಗಂಬರರಾವ್ ರೈಲು ತಡವಾದರೆ ಬೆಳಗಾವಿ ಸ್ಟೇಶನ್ನಿಗೆ ಹೇಳಿಕಳಿಸುವುದು, ಅಲ್ಲಿಂದ ಬಾಳಪ್ಪ ಅಡುಗೆಮನೆಗೆ ಸುದ್ದಿ ಮುಟ್ಟಿಸುವುದು. ಇಂಥ ಸಣ್ಣ ಸಣ್ಣ ಏರ್ಪಾಡುಗಳಿಂದಲೇ ಬುಟ್ಟಿಗಳ ಪದ್ಧತಿ ಉಳಿದುಕೊಂಡಿತು.

ಮುಂದೆ ಅದು ತಾನಾಗಿ ಬೆಳೆಯಿತು. ಹಲಸಿಯ ಹೆಂಗಸರು ಅವಲಕ್ಕಿ ಕುಟ್ಟಿ ಕಳಿಸತೊಡಗಿದರು. ಕ್ಯಾಂಪಿನ ಒಂದು ಬೋರ್ಡಿಂಗ್ ಶಾಲೆಯ ಅಡುಗೆಯವಳು ಶಿವಬಸವ್ವನನ್ನು ಹುಡುಕಿಕೊಂಡು ಬಂದು ತನಗೂ ಎರಡು ಬುಟ್ಟಿ ಕೇಳಿದಳು. ಎಂಬತ್ತೆರಡರ ಹೊತ್ತಿಗೆ ಐದು ಹಳ್ಳಿಗಳಿಂದ ಬುಟ್ಟಿಗಳು ಬಂದು ಮೂರು ಅಡುಗೆಮನೆಗಳಿಗೆ ಹೋಗುತ್ತಿದ್ದವು. ಬುಧವಾರದ ಜೊತೆ ಶನಿವಾರವೂ ಸೇರಿತ್ತು. ಆಸ್ಪತ್ರೆಗೆಂದು ಊರಿಗೆ ಬಂದ ಹಳ್ಳಿಯ ಹೆಂಗಸರಿಗೆ ಹಾಸ್ಟೆಲಿನ ಪಡಸಾಲೆಯಲ್ಲಿ ಚಾಪೆ, ಊಟ ತಪ್ಪುತ್ತಿರಲಿಲ್ಲ. ಬೆಳಗಾವಿಯಲ್ಲಿ ಭಾಷೆಯ ಹೆಸರಿನಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದ ದಿನಗಳೂ ಬಂದವು. ಆಗ ನಾನು ಖಾನಾಪುರದಲ್ಲಿ ಶಾಲಾ ಶಿಕ್ಷಕಿಯಾಗಿದ್ದೆ. ಬಂದ್ ಮುಗಿದ ಮೊದಲ ರೈಲಿಗೆ ಆಯಿ, ಮಕ್ಕಳು ಏನು ಉಂಡರೋ ಎನ್ನುತ್ತ ಓಡಿದಳು. ಅಟ್ಟದ ದಾಸ್ತಾನು ತೆಗೆದು ಶಿವಬಸವ್ವ ಮೂರು ದಿನವೂ ಬಿಸಿ ಊಟ ಹಾಕಿದ್ದಳು. ಅವಳಿಗೋ, ಆಯಿ ಹೇಗಿದ್ದಾಳೋ ಎಂಬ ಚಿಂತೆ.

ಎಂಬತ್ತೆಂಟರಲ್ಲಿ ಶಿವಬಸವ್ವನ ಮೊಣಕಾಲು ಸೋತವು. ಅವಳ ಜಾಗಕ್ಕೆ ಸಂಗವ್ವ ಎಂಬ ಎಳೆಯ ಹೆಣ್ಣುಮಗಳು ಬಂದಳು. ಕೆಲಸ ಒಪ್ಪಿಸುವ ವಾರ ಶಿವಬಸವ್ವ ಅವಳಿಗೆ ಒಲೆಯನ್ನಾಗಲಿ ಉಗ್ರಾಣವನ್ನಾಗಲಿ ತೋರಿಸಲಿಲ್ಲ. ರೈಲು ಹತ್ತಿಸಿ ನಮ್ಮೂರಿಗೆ ಕರೆತಂದಳು. ಬುಟ್ಟಿ ಕಳಿಸುವ ಒಂದೊಂದೇ ಮನೆಗೆ ಕೋಲೂರಿಕೊಂಡು ಹೋಗಿ, ಅವಳನ್ನು ಕೂರಿಸಿ, ಆ ಮನೆಯವರು ಕೊಟ್ಟದ್ದನ್ನು ಉಣ್ಣಿಸಿದಳು. ಮೂರನೆಯದು ನಮ್ಮ ಮನೆ. ಸಂಗವ್ವ ಬೆವರುತ್ತಿದ್ದಳು.

"ಸಾಕ್ರಿ ಅಕ್ಕಾರ, ಹೊಟ್ಟಿ ತುಂಬೇತಿ."

"ತುಂಬಲಿ. ಇನ್ನೂ ಎರಡು ಮನಿ ಅದಾವು. ಇವರ ಕೈಯಾಗಿಂದು ಉಣ್ಣದ ಇವರ ಕಾಯಿಪಲ್ಯೆ ಹೆಂಗ ಅಡಗಿ ಮಾಡತಿ?" ಎಂದಳು ಶಿವಬಸವ್ವ. ಆಯಿ ಅಷ್ಟರಲ್ಲಿ ಸಂಗವ್ವನ ತಾಟಿಗೆ ಇನ್ನೊಂದು ನಾಚಣಿ ರೊಟ್ಟಿ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟಿದ್ದಳು.